ಹಟ್ಟಿಯ ಅಂಗಳದಲ್ಲಿ ಮದುಮಗನ ಹೆಜ್ಜೆ

ತಾಳವಾಡಿಯ ಬಯಲಿನಲ್ಲಿ ನಿಂತು ತೆಂಕಣ ದಿಕ್ಕಿಗೆ ಕಣ್ಣು ಹಾಯಿಸಿದರೆ ಮೊದಲು ತಲಮಲೆಯ ಕಾಡು ಕಾಣುತ್ತದೆ. ಮಳೆ ಸುರಿದು ಗಾಳಿ ತಿಳಿಯಾದ ದಿನಗಳಲ್ಲಿ ಅದರಾಚೆ, ನೈಋತ್ಯದ ಅಂಚಿನಲ್ಲಿ, ನೀಲಗಿರಿಯ ಸಾಲು ಮಸಿಯಿಂದ ಎಳೆದ ಗೆರೆಯಂತೆ ತೋರುತ್ತದೆ. ಈ ಗೆರೆಯನ್ನು ಕನ್ನಡ ನಾಡು ಬಹು ಹಿಂದೆಯೇ ಬಲ್ಲದು. ನಮಗೆ ಸಮೀಪದ ಚಾಮರಾಜನಗರದ ಬಸದಿಯಲ್ಲಿರುವ 1117ರ ಶಾಸನವು, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ತೊದವರನ್ನು ಬೆದರಿಸಿದುದನ್ನೂ ನೀಲಗಿರಿಯನ್ನು ವಶಪಡಿಸಿಕೊಂಡುದನ್ನೂ ಸಾರುತ್ತದೆ. ಆಮೇಲೆ ಎಷ್ಟೋ ಗಡಿಗಳು ಹುಟ್ಟಿದವು, ಎಷ್ಟೋ ಅಳಿದವು. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಫಿರ್ಕಾ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದಾಗ ನಾವು ಇಂದಿನ ಈರೋಡು ಜಿಲ್ಲೆಯ ಪಾಲಾದೆವು. ಬೆಟ್ಟಗಳು ಮಾತ್ರ ಇದ್ದಲ್ಲೇ ಇವೆ.

ಆ ನೀಲಗಿರಿಯ ಮೇಲೆ ಬಡಗರೆಂಬ ಜನರಿದ್ದಾರೆ. ಒಂದು ಲಕ್ಷಕ್ಕೂ ಮಿಕ್ಕಿದ ಜನ, ನೂರಾರು ಹಟ್ಟಿಗಳು. ಬಡಗಣ ದಿಕ್ಕಿನಿಂದ ಬಂದವರಾದುದರಿಂದ ಬಡಗರು. ಅವರ ನುಡಿಯನ್ನು ಜನಗಣತಿಯವರು ಕನ್ನಡದ ಗುಂಪಿನಲ್ಲಿ ಎಣಿಸುತ್ತಾರೆ. ಪ್ರತ್ಯೇಕ ಭಾಷೆಯೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ವಾದಕ್ಕೆ ನಾವು ಇಲ್ಲಿ ಕೈ ಹಾಕುವುದಿಲ್ಲ. ನಮ್ಮ ಊರಿನವರಿಗೆ ಅವರ ಮೇಲೆ ಮಮತೆ ಹುಟ್ಟಲು ಇನ್ನೊಂದು ಕಾರಣವುಂಟು. ತಲಮಲೆಯ ಕಾಡಿನಲ್ಲಿ ಏಳು ಮಂದಿ ಅಣ್ಣತಮ್ಮಂದಿರು ಒಬ್ಬ ತಂಗಿಯೊಡನೆ ಬಾಳುತ್ತಿದ್ದರಂತೆ. ದೊರೆಯೊಬ್ಬನು ಆ ತಂಗಿಯ ಮೇಲೆ ಕಣ್ಣು ಹಾಕಿದನಂತೆ. ಮಾನ ಕಾಯ್ದುಕೊಳ್ಳಲು ಅವರು ರಾತ್ರೋರಾತ್ರಿ ಬೆಟ್ಟ ಹತ್ತಿ, ನೀಲಗಿರಿಯಲ್ಲಿ ಚದುರಿ ನೆಲಸಿದರಂತೆ. ಥರ್ಸ್ಟನ್ ಸಾಹೇಬನು 1909ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಈ ಐತಿಹ್ಯವನ್ನು ಬರೆದಿಟ್ಟಿದ್ದಾನೆ. ಹಾಗೆ ನೋಡಿದರೆ ನಮ್ಮ ಹಿತ್ತಲಿನಿಂದ ಹೊರಟುಹೋದ ಒಂದು ಸಂಸಾರದ ಮಕ್ಕಳವರು. ಅಂಥ ಒಂದು ಮನೆಯ ಮದುವೆಗೆ ಕಳೆದ ಮಾಘದಲ್ಲಿ ಹೋಗಿಬಂದ ವೃತ್ತಾಂತವನ್ನೂ, ಅಲ್ಲಿ ಕಂಡ ಕುಣಿತವು ನಮ್ಮ ಮನೆಯ ಒಂದು ತೊಡಕಿನ ಮೇಲೆ ಚೆಲ್ಲಿದ ಬೆಳಕನ್ನೂ ವಾಚಕರ ಮುಂದಿಡುತ್ತಿದ್ದೇವೆ.

ಮನೆಯಲ್ಲಿದ್ದ ತೊಡಕು

ನಮ್ಮ ಮಗಳ ಮದುವೆ ವೈಶಾಖಕ್ಕೆ ನಿಶ್ಚಯವಾಗಿತ್ತು. ವರ ಗುಂಡ್ಲುಪೇಟೆಯ ಕಡೆಯವನು, ಮೈಸೂರಿನಲ್ಲಿ ಉದ್ಯೋಗ. ಅವನ ಗೆಳೆಯರು ಈಗಿನ ಪದ್ಧತಿಯಂತೆ ಆರತಕ್ಷತೆಯ ರಾತ್ರಿ ವೇದಿಕೆಯ ಮೇಲೆ ಮದುಮಕ್ಕಳಿಬ್ಬರೂ ಚಲನಚಿತ್ರದ ಹಾಡಿಗೆ ಕುಣಿಯಬೇಕೆಂದು ಹೂಡಿದ್ದರು. ಹೆಜ್ಜೆ ಕಲಿಸುವವನೊಬ್ಬನನ್ನೂ ಗೊತ್ತುಮಾಡಿದ್ದರು. ಈ ಸುದ್ದಿ ತಿಳಿದ ದಿನ ಎಂಬತ್ತು ದಾಟಿದ ನಮ್ಮ ತಾಯಿಯವರು ಅನ್ನ ಬಿಟ್ಟರು. "ಹಸೆಮಣೆಯ ಮೇಲೆ ಕೂತ ಹೆಣ್ಣು ಗೌರಿ. ಗೌರಿಯನ್ನು ಯಾರಾದರೂ ಕುಣಿಸುತ್ತಾರೆಯೇ?" ಎಂಬುದು ಅವರ ಪ್ರಶ್ನೆ. ನಮ್ಮ ಮನೆಯವರು ಅತ್ತೆಯ ಮಾತಿಗೆ ತಲೆದೂಗಿದರೂ, ಬೀಗರ ಮನಸ್ಸು ನೋಯಬಾರದೆಂಬ ಚಿಂತೆಯಲ್ಲಿದ್ದರು.

ಮಗಳನ್ನೇ ಕೇಳಿದೆವು. ಅವಳ ಉತ್ತರ ನಮಗೆ ವಿಚಿತ್ರವಾಗಿ ಕಂಡಿತು. "ಕುಣಿಯಬೇಕೆಂಬ ಆಸೆ ಇದೆ ಅಪ್ಪಾಜಿ. ನೆನೆದರೆ ಮಾತ್ರ ಅಂಗಾಲು ಬೆವರುತ್ತದೆ" ಎಂದಳು. ಆಸೆಯಿಲ್ಲದಿದ್ದರೆ ಬೇಡವೆನ್ನುವುದು ಸುಲಭ. ಅಳುಕಿಲ್ಲದಿದ್ದರೆ ಹೂಂ ಎನ್ನುವುದು ಸುಲಭ. ಎರಡೂ ಒಂದೇ ಎದೆಯಲ್ಲಿದ್ದಾಗ ತಂದೆಯಾದವನು ಏನು ಹೇಳಬೇಕು? ಮೂರು ತಲೆಮಾರಿನ ಹೆಂಗಸರು ಒಂದೇ ಅಡಿಗೆಮನೆಯಲ್ಲಿ ಮಾತಿಲ್ಲದೆ ದಿನ ಕಳೆಯತೊಡಗಿದರು. ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕಾದ ವಾರವೇ ಮನೆಯಲ್ಲಿ ಲಗ್ನದ ಕಳೆ ಇಂಗಿತು.

ಇಂಥ ಸಮಯದಲ್ಲಿ ಕೋತಗಿರಿಯ ಮಿತ್ರರ ಕರೆಯೋಲೆ ಬಂದಿತು. ಅವರೂ ನಮ್ಮಂತೆಯೇ ಶಾಲೆಯ ಮೇಷ್ಟರು. ಹಲವು ವರ್ಷಗಳ ಹಿಂದೆ ಒಂದು ತರಬೇತಿ ಶಿಬಿರದಲ್ಲಿ ನಾವಿಬ್ಬರೂ ಒಂದೇ ಕೊಠಡಿಯಲ್ಲಿದ್ದೆವು. ಹಗಲೆಲ್ಲ ತಮಿಳಿನಲ್ಲಿ ಪಾಠ ಕೇಳಿ, ರಾತ್ರಿ ಅವರು ಬಡಗ ನುಡಿಯಲ್ಲೂ ನಾವು ಕನ್ನಡದಲ್ಲೂ ಹರಟುತ್ತಿದ್ದೆವು. ಅರ್ಥವಾಗದೆ ಉಳಿದ ಮಾತು ಕಡಮೆ. ಅವರ ಹಿರಿಯ ಮಗನ ಮದುವೆ. ನಾವೂ ನಮ್ಮ ಮನೆಯವರೂ ಮಗಳನ್ನು ಕರೆದುಕೊಂಡು ಹೊರಟೆವು. ತಾಯಿಯವರು ಬರಲಿಲ್ಲ.

ಇಪ್ಪತ್ತೇಳು ತಿರುವುಗಳ ದಾರಿ

ತಾಳವಾಡಿಯಿಂದ ತಲಮಲೆಯ ಕಾಡಿನ ದಾರಿಯಾಗಿ ದಿಂಬಂ ಸೇರಿದರೆ ಅಲ್ಲಿಂದ ಘಟ್ಟ ಇಳಿಯುತ್ತದೆ. ಇಪ್ಪತ್ತೇಳು ಕಡಿದಾದ ತಿರುವುಗಳು. 2013ರಲ್ಲಿ ಸತ್ಯಮಂಗಲದ ಈ ಕಾಡು ಹುಲಿಗಳ ಮೀಸಲು ಪ್ರದೇಶವಾಯಿತು. 2022ರಿಂದ ಈ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಬೆಳಗಿನ ಬಸ್ಸನ್ನೇ ಹಿಡಿದೆವು. ಬಿದಿರು ಮೆಳೆಗಳ ನಡುವೆ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಘಟ್ಟದ ಬುಡದಲ್ಲಿ ಬಣ್ಣಾರಿ ಅಮ್ಮನಿಗೆ ಕೈಮುಗಿದು, ಭವಾನಿ ನದಿಯ ದಂಡೆಯ ಸತ್ಯಮಂಗಲದಲ್ಲಿ ತಿಂಡಿ ಮುಗಿಸಿ, ಮೇಟ್ಟುಪಾಳ್ಯದ ಬಸ್ಸು ಹತ್ತಿದೆವು.

ಮೇಟ್ಟುಪಾಳ್ಯವೆಂದರೆ ನೀಲಗಿರಿಯ ಹೊಸ್ತಿಲು. ಇಲ್ಲಿಂದಲೇ ಹಲ್ಲುಕಂಬಿಯ ಪುಟ್ಟ ರೈಲು 1899ರಲ್ಲಿ ಕುನ್ನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಏರಿತು. ಕೋತಗಿರಿಗೆ ಹೋಗುವವರಿಗೆ ಆ ರೈಲಿನ ಭಾಗ್ಯವಿಲ್ಲ. ಸುಮಾರು 33 ಕಿಲೋಮೀಟರು ಬಸ್ಸಿನ ದಾರಿ. ಅಡಕೆ ತೋಟ ಮುಗಿದು ಸಿಲ್ವರ್ ಮರಗಳೂ ಚಹಾ ಗಿಡಗಳೂ ಆರಂಭವಾಗುವ ಹೊತ್ತಿಗೆ ಕಿವಿ ಮುಚ್ಚಿಕೊಂಡವು. ನಮ್ಮ ಮನೆಯವರು ಸೆರಗನ್ನು ಎರಡು ಸುತ್ತು ಹೊದ್ದರು. ಕೋತರ ಬೆಟ್ಟವೇ ಕೋತಗಿರಿ. 1819ರಲ್ಲಿ ಜಾನ್ ಸಲ್ಲಿವನ್ ಎಂಬ ಕೊಯಮತ್ತೂರಿನ ಕಲೆಕ್ಟರು ಬೆಟ್ಟ ಹತ್ತಿ ಈ ಪರಿಸರದಲ್ಲೇ ಮೊದಲು ಬೀಡುಬಿಟ್ಟನು. ಕನ್ನೇರಿಮುಕ್ಕಿನಲ್ಲಿ ಅವನ ಬಂಗಲೆಯನ್ನು ಇಂದಿಗೂ ಕಾಣಬಹುದು.

ಪೇಟೆಯಿಂದ ಹಟ್ಟಿಗೆ ಜೀಪಿನಲ್ಲಿ ಹೋದೆವು. ಹಟ್ಟಿ ಎಂಬ ಮಾತನ್ನು ನಮ್ಮ ಕಡೆ ದನಕರುಗಳ ನೆಲೆಗೂ ಬಳಸುತ್ತೇವೆ. ಬಡಗರಿಗೆ ಹಟ್ಟಿಯೆಂದರೆ ಊರು. ಇಳಿಜಾರಿನಲ್ಲಿ ಸಾಲಾಗಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಸಾಲಿನ ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಅಂಗಳ. ಈ ಅಂಗಳವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಡೆದುದು.

ನೀರು ತಂದ ಸೊಸೆ

ಬಡಗರಲ್ಲಿ ಮದುವೆ ನಡೆಯುವುದು ಗಂಡಿನ ಮನೆಯಲ್ಲಿ. ಹೆಣ್ಣನ್ನು ಅವಳ ಹಟ್ಟಿಯಿಂದ ವಾದ್ಯದೊಡನೆ ಕರೆತರುತ್ತಾರೆ. ವರದಕ್ಷಿಣೆಯ ಪದ್ಧತಿ ಈ ಜನರಲ್ಲಿ ಇಲ್ಲವೆಂಬುದನ್ನು ನಮ್ಮ ಮಿತ್ರರು ಹೆಮ್ಮೆಯಿಂದಲೇ ತಿಳಿಸಿದರು. ಹೆಣ್ಣು ಬರುತ್ತಿದ್ದಂತೆ ಹಿರಿಯರ ಮುಂದೆ ಒಬ್ಬೊಬ್ಬರಿಗಾಗಿ ಬಾಗಿದಳು. ಅವರು ತಲೆಯ ಮೇಲೆ ಕೈಯಿಟ್ಟು ಹರಸಿದರು. ಒಂದು ಸಾವಿರವಾಗಲಿ, ಮನೆ ತುಂಬಲಿ ಎಂಬ ಅರ್ಥದ ಆ ಹರಕೆ ಉದ್ದವಾದುದು. ಅರ್ಧ ಮಾತು ಅರ್ಧ ರಾಗ. ಕನ್ನಡ ಬಲ್ಲವರಿಗೆ ಅದರ ಬಹುಪಾಲು ತಾನಾಗಿಯೇ ತಿಳಿಯುತ್ತದೆ.

ಅನಂತರ ಸೊಸೆ ಬಾಲಕಿಯರೊಡನೆ ನೀರಿಗೆ ಹೋಗಿ, ತುಂಬಿದ ಪಾತ್ರೆಯನ್ನು ತಂದು ಗಂಡನ ಮನೆಯೊಳಗಿಟ್ಟಳು. ಹೊಸ ಮನೆಯ ಮೊದಲ ಕೆಲಸ ನೀರು ತರುವುದು. ಮದುವೆಯ ಇನ್ನೊಂದು ಮುಖ್ಯ ಗಂಟು ಬೀಳುವುದು ಮಾತ್ರ ಈ ದಿನವಲ್ಲ. ಸೊಸೆ ಬಸುರಿಯಾದಾಗ ಕೊರಳಿಗೆ ದಾರ ಕಟ್ಟುವ 'ಕಣ್ಣಿ' ಎಂಬ ಸಂಸ್ಕಾರ ಹಿಂದಿನಿಂದ ಬಂದಿದೆ. ಅದಾದ ಮೇಲೆಯೇ ಮದುವೆ ಪೂರ್ಣವೆಂದು ಹಿಂದಿನವರು ಎಣಿಸುತ್ತಿದ್ದರು.

ಊಟಕ್ಕೆ ತುಪ್ಪದಿಟ್ಟು, ಅವರೆಯ ಉದಕ. ತುಪ್ಪದಿಟ್ಟು ಎಂದರೆ ನಮ್ಮ ಪೂರಿಯ ಅಣ್ಣನೆನ್ನಬಹುದು. ದಪ್ಪ, ಮೆದು, ಕಣ್ಣಿಗೂ ಹೊಟ್ಟೆಗೂ ತೃಪ್ತಿ. ಅವರೆಯ ಘಮಲು ಬೆಟ್ಟದ ಚಳಿಯಲ್ಲಿ ಬಾಯಿಗಿಂತ ಮೊದಲು ಮೂಗಿಗೆ ರುಚಿಸಿತು.

ಕುಣಿತ

ಬಿಸಿಲು ಇಳಿದು ಮಂಜು ಕಣಿವೆಯಿಂದ ಮೇಲೇರುವ ಹೊತ್ತಿಗೆ ಅಂಗಳದಲ್ಲಿ ವಾದ್ಯ ಆರಂಭವಾಯಿತು. ಮೊದಲು ಇಳಿದವರು ಹಿರಿಯರು. ಬಿಳಿಯ ಪಂಚೆ, ಬಿಳಿಯ ರುಮಾಲು, ಹೆಗಲಿನಿಂದ ಇಳಿಬಿದ್ದ ಹೊದಿಕೆ. ಎಪ್ಪತ್ತು ದಾಟಿದ ಐದಾರು ಮಂದಿ ವರ್ತುಲವಾಗಿ ನಿಂತು, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಬೀಸಿ, ಅರ್ಧ ತಿರುಗಿ, ಮತ್ತೆ ಮುಂದಕ್ಕೆ. ಅಷ್ಟೇ. ಅದರಲ್ಲಿ ಚಮತ್ಕಾರವೇನೂ ಇರಲಿಲ್ಲ. ನೋಡುತ್ತ ನಿಂತ ಹತ್ತು ನಿಮಿಷಗಳಲ್ಲಿ ನಮ್ಮ ಕಾಲೂ ಲೆಕ್ಕ ಹಿಡಿಯಿತು. ಹಿರಿಯರ ಹಿಂದೆ ನಡುವಯಸ್ಸಿನವರು, ಅವರ ಹಿಂದೆ ಹುಡುಗರು, ಹುಡುಗರ ಸಂದಿನಲ್ಲಿ ಮೊಣಕಾಲೆತ್ತರದ ಮಕ್ಕಳು ಸೇರಿಕೊಂಡರು. ಸ್ವಲ್ಪ ದೂರದಲ್ಲಿ ಹೆಂಗಸರದು ಇನ್ನೊಂದು ವರ್ತುಲ. ಬಿಳಿಯ ಮುಂಡು, ತಲೆಗೆ ಕಟ್ಟಿದ ಬಿಳಿಯ ವಸ್ತ್ರ. ಮಂಜಿನಲ್ಲಿ ಮಂಜೇ ಕುಣಿದಂತಿತ್ತು. ನಡುನಡುವೆ 'ಹೌ ಹೌ' ಎಂಬ ಕೂಗು ಒಬ್ಬನಿಂದೆದ್ದು ಎಲ್ಲರ ಕೊರಳಿಗೂ ಹಬ್ಬುತ್ತಿತ್ತು.

ಮದುಮಗನೆಲ್ಲಿ ಎಂದು ಹುಡುಕಿದೆವು. ಅವನಿಗಾಗಿ ಸಿಂಹಾಸನವೇನೂ ಇರಲಿಲ್ಲ. ಚಿಕ್ಕಪ್ಪನ ಹಿಂದೆ, ಗೆಳೆಯನ ಮುಂದೆ, ವರ್ತುಲದ ಒಂದು ಮಣಿಯಾಗಿ ಅವನೂ ಹೆಜ್ಜೆ ಹಾಕುತ್ತಿದ್ದನು. ಕೊರಳಲ್ಲಿ ಹಾರವಿಲ್ಲದಿದ್ದರೆ ಗುರುತೇ ಸಿಗುತ್ತಿರಲಿಲ್ಲ. ಯಾರೂ ಅವನನ್ನು ನಡುವಿಗೆ ನೂಕಲಿಲ್ಲ, ಯಾರೂ ಅವನಿಗಾಗಿ ಬದಿಗೆ ಸರಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮದುಮಗಳೂ ನಾದಿನಿಯರ ಕೈಹಿಡಿದು ಹೆಂಗಸರ ಸುತ್ತಿಗೆ ಇಳಿದಳು. ಬೆಳಗ್ಗೆ ನೀರು ತಂದ ಹುಡುಗಿ ಸಂಜೆ ಅದೇ ಅಂಗಳದಲ್ಲಿ ಊರಿನವರೊಡನೆ ಹೆಜ್ಜೆ ಹಾಕಿದಳು. ತಲೆ ತಗ್ಗಿಸಿಯೇ ಇದ್ದಳು. ಹೆಜ್ಜೆ ಮಾತ್ರ ತಪ್ಪಲಿಲ್ಲ. ಅವಳಲ್ಲಿ ನಾಚಿಕೆಯೂ ಇತ್ತು, ನಲಿವೂ ಇತ್ತು. ಒಂದಕ್ಕಾಗಿ ಇನ್ನೊಂದು ಜಾಗ ಬಿಡಬೇಕಾಗಿರಲಿಲ್ಲ.

ನಮ್ಮ ಮಗಳು ತೊಲೆಗಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಹಟ್ಟಿಯ ಒಬ್ಬ ಅಜ್ಜಿ, ಹಲ್ಲಿಲ್ಲದ ಬಾಯಲ್ಲಿ ನಕ್ಕು, ಏನೂ ಕೇಳದೆ ಅವಳ ಮುಂಗೈ ಹಿಡಿದು ಒಳಗೆಳೆದುಕೊಂಡಳು. ಮೊದಲ ಸುತ್ತಿನಲ್ಲಿ ಮಗಳು ಮೂರು ಸಲ ಎಡವಿದಳು. ಎರಡನೆಯದರಲ್ಲಿ ಒಂದು ಸಲ. ಮೂರನೆಯ ಸುತ್ತಿನಲ್ಲಿ ಅವಳನ್ನು ನಾವು ಗುಂಪಿನಲ್ಲಿ ಬೇರ್ಪಡಿಸಿ ಹುಡುಕಬೇಕಾಯಿತು. ಅರ್ಧ ಗಂಟೆಯ ಮೇಲೆ ಬಂದು ಕುಳಿತವಳು ತಾಯಿಗೆ ಹೇಳಿದ್ದಿಷ್ಟು: "ಯಾರೂ ನನ್ನನ್ನು ನೋಡುತ್ತಿರಲಿಲ್ಲ ಅಮ್ಮಾ. ಎಲ್ಲರೂ ಕುಣಿಯುತ್ತಿದ್ದರು."

ಆ ರಾತ್ರಿ ಅಗ್ಗಿಷ್ಟಿಕೆಯ ಬಳಿ ಮಿತ್ರರನ್ನು ಕೇಳಿದೆವು: "ನಿಮ್ಮ ಮಕ್ಕಳಿಗೆ ಇದನ್ನು ಕಲಿಸುವವರು ಯಾರು?" ಅವರಿಗೆ ನಮ್ಮ ಪ್ರಶ್ನೆಯೇ ಅರ್ಥವಾಗಲಿಲ್ಲ. ನಡೆಯುವುದನ್ನು ಕಲಿಸುವವರು ಯಾರು ಎಂದು ಕೇಳಿದಂತಾಯಿತು. ಡಿಸೆಂಬರು ಜನವರಿಯ ಹೆತ್ತೆ ಹಬ್ಬದಲ್ಲಿ ಬೇರಗಣಿಯಂಥ ಹಟ್ಟಿಗಳಿಗೆ ಸಾವಿರಾರು ಜನ ಸೇರುತ್ತಾರೆ. ಮಕ್ಕಳು ಹೆಗಲ ಮೇಲೆ ಕೂತೇ ಆ ತಾಳವನ್ನು ಮೈಗೂಡಿಸಿಕೊಳ್ಳುತ್ತಾರೆ. ಅವರು ಹೇಳಿದ ಇನ್ನೊಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಹಿಂದೆ ಈ ಕುಣಿತ ಮದುವೆಗೆ ಮಾತ್ರ ಮೀಸಲಾಗಿರಲಿಲ್ಲ; ಹಿರಿಯರು ತೀರಿಕೊಂಡಾಗ ಶವದ ಅಲಂಕೃತ ಗುಡಿಕಟ್ಟಿನ ಸುತ್ತಲೂ ಗಂಡಸರು ಕುಣಿಯುತ್ತಿದ್ದರು. ಎರಡಕ್ಕೂ ವಾದ್ಯ ನುಡಿಸುತ್ತಿದ್ದವರು ಕೋತರು. ಅವರ ಕೊಳಲೂ ಕೊಂಬೂ ತಮಟೆಯೂ ಇಲ್ಲದೆ ಬಡಗರ ಹುಟ್ಟುಸಾವುಗಳು ಸಾಗುತ್ತಿರಲಿಲ್ಲ. 1930ರ ದಶಕದ ಸುಮಾರಿಗೆ ಆ ನಂಟು ಸಡಿಲವಾಯಿತು. ಈಗ ಬೇರೆ ವಾದ್ಯದವರು ಬರುತ್ತಾರೆ, ಧ್ವನಿವರ್ಧಕದಲ್ಲಿ ಬಡಗ ಹಾಡುಗಳೂ ಮೊಳಗುತ್ತವೆ. ವಾದ್ಯ ಬದಲಾದರೂ ವರ್ತುಲ ಒಡೆಯಲಿಲ್ಲ. ಕುಣಿತವೆಂಬುದು ಇವರಿಗೆ ಸಂತೋಷದ ಪ್ರದರ್ಶನವಲ್ಲ, ಬಂಧುಗಳ ಹಾಜರಿ. ನಾವು ಶಾಲೆಯಲ್ಲಿ ಹೆಸರು ಕೂಗಿ ಹಾಜರಿ ಹಾಕುತ್ತೇವೆ. ಅವರು ಹೆಜ್ಜೆಯಿಂದ ಹಾಕುತ್ತಾರೆ.

ಇತರ ನೆಲೆಗಳಲ್ಲಿ

ಮದುಮಕ್ಕಳು ಕುಣಿಯಬಹುದೇ ಎಂಬ ಪ್ರಶ್ನೆಗೆ ನಮ್ಮ ಸುತ್ತಣ ಜನ ಕೊಟ್ಟಿರುವ ಉತ್ತರ ಒಂದೇ ತೆರನಾದುದಲ್ಲ.

ವಯನಾಡಿನ ನೆರೆಯ ಕೊಡಗನ್ನು ನೋಡಿರಿ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ. ಹಿರಿಯರೇ ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಾರೆ. ಅಲ್ಲಿ ಗಂಗಾಪೂಜೆಯೆಂಬ ಶಾಸ್ತ್ರವುಂಟು. ಮದುಮಗಳು ಬಾವಿಯಲ್ಲಿ ಪೂಜೆ ಮಾಡಿ ನೀರಿನ ಕೊಡವನ್ನು ತಲೆಯ ಮೇಲಿಟ್ಟು ಮನೆಯ ಕಡೆಗೆ ಹೊರಡುತ್ತಾಳೆ. ಗಂಡಿನ ಕಡೆಯವರು ಅವಳ ದಾರಿಗೆ ಅಡ್ಡಲಾಗಿ ವಾಲಗಕ್ಕೆ ಕುಣಿಯುತ್ತಾರೆ, ಗಂಟೆಗಟ್ಟಲೆ ಕುಣಿಯುತ್ತಾರೆ. ಅವಳು ಅಂಗುಲ ಅಂಗುಲವಾಗಿ ಮುಂದೆ ಸರಿಯಬೇಕು. ಊರೆಲ್ಲ ಕುಣಿಯುವಾಗ ಕುಣಿಯದೆ, ಕೊಡ ಅಲುಗದಂತೆ ನಿಲ್ಲುವುದೇ ಅವಳ ಪಾಲಿನ ಪರೀಕ್ಷೆ. ಅಲ್ಲಿಯೂ ನೀರು, ಇಲ್ಲಿಯೂ ನೀರು. ಅಲ್ಲಿ ಅವಳು ಕುಣಿತದ ನಡುವಿನ ಸ್ಥಿರಬಿಂದು, ಇಲ್ಲಿ ಕುಣಿತದ ಒಂದು ಮಣಿ.

ಗೋವೆಯಲ್ಲಿ ನೆಲಸಿರುವ ನಮ್ಮ ವಾಚಕರು ಬೇರೊಂದು ಬಗೆಯನ್ನು ಬಲ್ಲರು. ಅಲ್ಲಿಯ ಕ್ರೈಸ್ತರ ಮದುವೆಯಲ್ಲಿ ಮೊದಲ ನೃತ್ಯ ವಧೂವರರದೇ. ಅವರು ಆರಂಭಿಸದೆ ಉಳಿದವರು ಕಾಲೆತ್ತುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಷ್ಟಿಯ ಸಿರಿವಂತ ಮನೆಗಳಲ್ಲಿ ರೂಪುಗೊಂಡ ಮಾಂಡೊ ಎಂಬ ನೃತ್ಯವಂತೂ ಬಹು ಮರ್ಯಾದೆಯದು. ಗಂಡಸರದು ಒಂದು ಸಾಲು, ಬೀಸಣಿಗೆ ಹಿಡಿದ ಹೆಂಗಸರದು ಎದುರು ಸಾಲು. ಪಿಟೀಲು ಮತ್ತು ಘುಮಟೆಯ ಹಿಮ್ಮೇಳ. ಸಾಲುಗಳು ಹತ್ತಿರ ಬಂದರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಮದುವೆಯ ಕೊನೆಗೆ ಇನ್ನೊಂದು ಸೊಗಸಿನ ಆಚಾರವಿದೆ. ಎರಡೂ ಮನೆಯವರು ಬೀಳ್ಕೊಳ್ಳುವಾಗ ನೆಲದ ಮೇಲೆ ಫೆನ್ನಿ ಸುರಿದು ಗೆರೆ ಎಳೆಯುತ್ತಾರೆ. ಅದರ ಹೆಸರು 'ಶೀಂ', ಎಂದರೆ ಸೀಮೆ. ನಮ್ಮಂಥ ಗಡಿಯವರಿಗೆ ಸೀಮೆಯೆಂದರೆ ಅರ್ಜಿ, ಆಯೋಗ, ವ್ಯಾಜ್ಯ. ಅದೇ ಗೆರೆಯನ್ನು ನಗುತ್ತ ಎಳೆದು, ಕೈಕುಲುಕಿ ಬೇರೆಯಾಗುವ ಜನರೂ ಇದ್ದಾರೆಂಬುದು ಸಮಾಧಾನದ ಸಂಗತಿ.

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಮದುವೆಯ ಮೆರವಣಿಗೆಯಲ್ಲಿ ಹಲಗೆಯ ಸದ್ದಿಗೆ ನೆಲವೇ ನಡುಗುತ್ತದೆ; ಕುಣಿಯುವವರು ಗೆಳೆಯರು, ವರ ಮಾತ್ರ ವಾಹನದ ಮೇಲೆ ಬಿಗಿದು ಕೂತಿರುತ್ತಾನೆ. ಕಾಸರಗೋಡಿನಲ್ಲಿ ಇರುಳೆಲ್ಲ ಯಕ್ಷಗಾನದ ಹೆಜ್ಜೆಗೆ ಮನಸೋಲುವ ಜನ ಮದುವೆಯ ಚಪ್ಪರದಲ್ಲಿ ಗಂಭೀರವಾಗುತ್ತಾರೆ. ಇನ್ನು ನಮ್ಮ ತಾಳವಾಡಿ? ನಟ ರಾಜ್‌ಕುಮಾರರು ಹುಟ್ಟಿದ ಗಾಜನೂರು ನಮ್ಮ ಪಕ್ಕದಲ್ಲೇ ಇದೆ. ತೆರೆಯ ಮೇಲೆ ಅವರು ಹೆಜ್ಜೆ ಹಾಕಿದಾಗ ಶಿಳ್ಳೆ ಹೊಡೆದ ಜನ ನಾವು. ನಮ್ಮ ಬೆಟ್ಟಗಳ ಸೋಲಿಗರು 'ಗೊರುಕನ' ಹಾಡಿಗೆ ಬೆಂಕಿಯ ಸುತ್ತ ಕುಣಿಯುವುದನ್ನು ಕಂಡು ಮೆಚ್ಚಿದವರು ನಾವು. ನಮ್ಮ ಅಂಗಳದಲ್ಲಿ ನಾವು ಮಾತ್ರ ಕಂಬಗಳು.

ವರ್ತುಲವೂ ವೇದಿಕೆಯೂ

ಮಗಳ ಆ ಒಂದು ವಾಕ್ಯವನ್ನು ಹಿಂದಿರುಗುವ ದಾರಿಯುದ್ದಕ್ಕೂ ನಾವು ಮೆಲುಕು ಹಾಕಿದೆವು. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವರಿಗೆ ಅದು ಹೊಸ ಮಾತೇನಲ್ಲ. ಒಬ್ಬ ಹುಡುಗನನ್ನು ಕರಿಹಲಗೆಯ ಬಳಿಗೆ ಕರೆದು ಪದ್ಯ ಹೇಳೆಂದರೆ ಅವನ ಗಂಟಲು ಒಣಗುತ್ತದೆ. ಅದೇ ಪದ್ಯವನ್ನು ಇಡೀ ತರಗತಿ ಒಟ್ಟಾಗಿ ಹೇಳುವಾಗ ಅವನ ದನಿಯೇ ಎಲ್ಲರಿಗಿಂತ ಮೇಲಿರುತ್ತದೆ. ಐದನೆಯ ತರಗತಿಯವರೆಗೆ ವಾರ್ಷಿಕೋತ್ಸವದಲ್ಲಿ ನಾನು ನಾನು ಎಂದು ಮುಂದೆ ಬರುವ ಮಕ್ಕಳು ಏಳನೆಯ ತರಗತಿಗೆ ಬಂದೊಡನೆ ಗೋಡೆಗೆ ಅಂಟಿಕೊಳ್ಳುತ್ತಾರೆ. ಕಾಲಿನ ಶಕ್ತಿ ಕುಂದಿದ್ದರಿಂದಲ್ಲ. ಇತರರ ಕಣ್ಣು ತಮ್ಮ ಮೇಲಿದೆಯೆಂಬ ಅರಿವು ಮೂಡಿದ್ದರಿಂದ.

ವೇದಿಕೆಯ ಮೇಲೆ ಇಬ್ಬರೇ ಕುಣಿದರೆ ಅವರ ಎದುರಿಗೆ ಐನೂರು ಕಣ್ಣುಗಳಿರುತ್ತವೆ, ಮೇಲೆ ಕ್ಯಾಮರಾಗಳು. ಅದು ಪರೀಕ್ಷೆಯಾಗುತ್ತದೆ. ಪರೀಕ್ಷೆಯಿದ್ದಲ್ಲಿ ಪಾಸು ಫೇಲೂ ಇರಲೇಬೇಕು. ವರ್ತುಲದಲ್ಲಿ ನೋಡುವವರೂ ಕುಣಿಯುವವರೂ ಒಬ್ಬರೇ. ಎಡವಿದರೆ ಪಕ್ಕದವರ ಹೆಜ್ಜೆಯೇ ತಿದ್ದುತ್ತದೆ. ನಮ್ಮ ತಾಯಿಯವರ ಆಕ್ಷೇಪದಲ್ಲಿಯೂ ಒಂದು ಸತ್ಯವಿದೆಯೆಂದು ನಮಗೆ ತೋರಿತು. ಅವರಿಗೆ ಕುಣಿತ ಬೇಡವಾಗಿರಲಿಲ್ಲ. ಮೊಮ್ಮಗಳನ್ನು ನೋಟಕ್ಕಿಡುವುದು ಬೇಡವಾಗಿತ್ತು. ಮಗಳ ಅಳುಕಿಗೂ ಅಜ್ಜಿಯ ಕೋಪಕ್ಕೂ ಬೇರು ಒಂದೇ.

ಮದುವೆಯ ಹೊಸ್ತಿಲಲ್ಲಿರುವ ಮಕ್ಕಳಿಗೂ ಅವರ ಹೆತ್ತವರಿಗೂ ಉಪಯೋಗವಾದೀತೆಂದು ನಾವು ಕಂಡುಕೊಂಡ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇವೆ. ಕುಣಿಯುವುದಾದರೆ ಮದುಮಕ್ಕಳಿಬ್ಬರೇ ಕುಣಿಯುವ ಬದಲು ಬಂಧುಗಳೂ ಕೂಡಿ ಕುಣಿಯಲಿ. ಹಿರಿಯರೇ ಮೊದಲು ಇಳಿದರೆ ಇನ್ನೂ ಲೇಸು. ಹೆಜ್ಜೆ ಸುಲಭವಾಗಿರಲಿ, ಮನೆಯ ಹಿತ್ತಲಲ್ಲಿ ನಾಲ್ಕು ಸಂಜೆ ಆಡಿ ನೋಡಿದರೆ ಕಾಲಿಗೆ ಧೈರ್ಯ ಬರುತ್ತದೆ. ಹೊಸ ರೇಷ್ಮೆಸೀರೆಯ ನೆರಿಗೆಯೂ ಹೊಸ ಚಪ್ಪಲಿಯೂ ಕುಣಿತದ ಶತ್ರುಗಳು. ಉಡುಪನ್ನು ಮೊದಲೇ ಯೋಚಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಧೂವರರಿಬ್ಬರನ್ನೂ ಮೊದಲೇ ಕೇಳಬೇಕು. ಒಪ್ಪದವರನ್ನು ಎಲ್ಲರೆದುರಿಗೆ ಕೈಹಿಡಿದೆಳೆದು ಪೇಚಿಗೆ ಸಿಲುಕಿಸಬಾರದು. ಹಟ್ಟಿಯ ಅಜ್ಜಿ ಕೇಳದೆ ಎಳೆದುಕೊಂಡಳಲ್ಲವೇ ಎಂದು ವಾಚಕರು ಕೇಳಬಹುದು. ಅವಳು ಎಳೆದದ್ದು ಗುಂಪಿನೊಳಕ್ಕೆ, ಗುಂಪಿನೆದುರಿಗಲ್ಲ. ಕುಣಿಯದೆ ಕೂತು ಚಪ್ಪಾಳೆ ತಟ್ಟುವವನೂ ಮದುವೆಯವನೇ.

ಮನೆಗೆ ಬಂದು ತಾಯಿಯವರಿಗೆ ಹಟ್ಟಿಯ ಕಥೆಯನ್ನು ಹೇಳಿದವಳು ಮಗಳೇ. ಅವರು ಕೇಳಿದ ಒಂದೇ ಪ್ರಶ್ನೆ: "ಅಂಗಳದಲ್ಲಿಯೋ, ಅಟ್ಟಣೆಯ ಮೇಲೋ?" ಅಂಗಳದಲ್ಲಿ ಎಂದಾಗ ಸುಮ್ಮನಾದರು. ಎರಡು ದಿನ ಕಳೆದ ಮೇಲೆ, ತಮ್ಮ ತವರಿನಲ್ಲಿ ಹುಡುಗಿಯರು ಕೋಲಾಟವಾಡುತ್ತಿದ್ದುದನ್ನು ತಾವಾಗಿಯೇ ಎತ್ತಿದರು. ಆ ಮಾತಿನ ಎಳೆ ಹಿಡಿದು ಬೀಗರಿಗೆ ಬರೆದೆವು. ಅವರೂ ಸಂತೋಷದಿಂದಲೇ ಒಪ್ಪಿದರು; ಅವರ ಮನೆಯಲ್ಲೂ ಒಬ್ಬ ಅಜ್ಜಿ ಅನ್ನ ಬಿಟ್ಟಿದ್ದರೆಂದು ಆಗ ತಿಳಿಯಿತು. ವೈಶಾಖದಲ್ಲಿ ಧಾರೆ ಮುಗಿದ ಸಂಜೆ ನಮ್ಮ ಮನೆಯ ಮುಂದಿನ ಅಂಗಳದಲ್ಲಿ ತಾಯಿಯವರು ನಡುವೆ ಒಂದು ದೀಪ ತಂದಿಟ್ಟರು. ಅದರ ಸುತ್ತ ಎರಡೂ ಕಡೆಯ ಹೆಂಗಸರು ಕೋಲು ಹಿಡಿದರು; ಗಂಡಸರು ತಾಳ ಹಾಕುತ್ತ ಹೊರಸುತ್ತಾದರು. ಮಗಳು ಮುಗಿಯುವವರೆಗೂ ಆಡಿದಳು. ಅಳಿಯ ಎರಡು ಸುತ್ತು ಹಾಕಿ, ಮೂರನೆಯದಕ್ಕೆ ಬೆವರೊರಸಿಕೊಂಡು ಕೂತುಬಿಟ್ಟನು. ಅವನನ್ನು ಯಾರೂ ಕೆಣಕಲಿಲ್ಲ. ತಾಯಿಯವರು ಕುಣಿಯಲಿಲ್ಲ. ಎಣ್ಣೆ ಮುಗಿಯದಂತೆ ದೀಪವನ್ನು ನೋಡಿಕೊಂಡರು.

ನಾಡಿನ ಗಡಿಗಳನ್ನು ಬರೆದವರು ನಮ್ಮನ್ನು ಕೇಳಿ ಬರೆಯಲಿಲ್ಲ. ಮನೆಯ ಅಂಗಳದಲ್ಲಿ ಎಳೆಯುವ ಸುತ್ತು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಎಷ್ಟು ಅಗಲ ಮಾಡಬೇಕು, ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು ಎಂಬುದೂ ನಮ್ಮದೇ. ನೀಲಗಿರಿಗೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ದೊಡ್ಡಬೆಟ್ಟವನ್ನೂ ಉದಕಮಂಡಲದ ಕೆರೆಯನ್ನೂ ಹೂದೋಟವನ್ನೂ ನೋಡಿ ಹಿಂದಿರುಗುತ್ತಾರೆ. ಸಾಧ್ಯವಾದರೆ ಕೋತಗಿರಿಯ ಬದಿಯ ಯಾವುದಾದರೂ ಹಟ್ಟಿಯಲ್ಲಿ ಪರಿಚಯದವರನ್ನು ಸಂಪಾದಿಸಿಕೊಂಡು, ಮದುವೆಯ ದಿನ ನೋಡಿ ಹೋಗಬೇಕೆಂದು ನಮ್ಮ ಸಲಹೆ. ಬೆಚ್ಚನೆಯ ಹೊದಿಕೆ ಇರಲಿ. ಕನ್ನಡದಲ್ಲೇ ಮಾತನಾಡಿರಿ, ಅರ್ಥವಾಗುತ್ತದೆ. ಅಂಗಳದಲ್ಲಿ ಯಾರಾದರೂ ಮುಂಗೈ ಹಿಡಿದರೆ ಬಿಡಿಸಿಕೊಳ್ಳುವ ಅವಸರ ಬೇಡ.